ಬೋರ್ಡಿನ ಮೇಲಿನ ಹೆಸರು

ನನ್ನ ಗಂಡ ಹೋದ ಮೇಲೆ ನಾನು ಅವರ ಹೆಸರನ್ನು ಬಾಯಿಬಿಟ್ಟು ಹೇಳಲು ಕಲಿತೆ. ಅದಕ್ಕೆ ಮುಂಚೆ ಹೇಳುತ್ತಿರಲಿಲ್ಲ. ಮೈಸೂರಿನಲ್ಲಿ ನಮ್ಮಮ್ಮ ತನ್ನ ಗಂಡನ ಹೆಸರು ಹೇಳುತ್ತಿರಲಿಲ್ಲ, ಅಜ್ಜಿಯೂ ಹೇಳುತ್ತಿರಲಿಲ್ಲ. ಹೇಳಬಾರದು ಎಂದು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ, ಆದರೂ ನಾಲಿಗೆ ಹೊರಳುತ್ತಿರಲಿಲ್ಲ. "ರೀ" ಅಂದರೆ ಸಾಕಿತ್ತು. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆ ದೊಡ್ಡದೇನಲ್ಲ, ಅಡುಗೆಮನೆಯಿಂದ ಕೂಗಿದ "ರೀ" ಗರಾಜಿನವರೆಗೂ ಕೇಳುತ್ತಿತ್ತು. ಹೊರಗಿನವರ ಮುಂದೆ "ನಮ್ಮ ಮನೆಯವರು". ನಾನು ಕೆಲಸ ಮಾಡುವ ಚೈಲ್ಡ್‌ಕೇರ್‌ನ ಹುಡುಗಿಯರಿಗೆ "ಮೈ ಹಸ್ಬೆಂಡ್".

ಅವರು ಹೋದ ಮೇಲೆ ಬ್ಯಾಂಕಿಗೆ, ಫೋನ್ ಕಂಪನಿಗೆ, ಕರೆಂಟಿನವರಿಗೆ ಫೋನ್ ಮಾಡಬೇಕಾಯಿತು. ಎಲ್ಲರೂ ಮೊದಲು ಕೇಳುವುದು ಹೆಸರು. ಪೂರ್ತಿ ಹೆಸರು ಹೇಳಬೇಕು, ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು, ಆಮೇಲೆ ಅವರು ಇಲ್ಲ ಎಂದು ಹೇಳಬೇಕು. ಆ ಕಡೆಯ ಹುಡುಗ ಸಾರಿ ಅಂದು, ಹೋಲ್ಡ್ ಮಾಡಿ, ಸಂಗೀತ ಹಾಕುತ್ತಾನೆ. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ನಾನು ಅವರ ಹೆಸರು ಹೇಳಿದ್ದು ಮನೆಯ ಕರೆಂಟನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವುದಕ್ಕೆ.

ಇಲ್ಲಿಯೂ ಆ ಹೆಸರು ಬರೆಯುವುದಿಲ್ಲ. ಆದರೆ ಹೇಳಬೇಕಾಗಿರುವುದು ಅದರ ವಿಷಯವೇ.

ನಮ್ಮವರು ಕೋಲಾರದ ಕಡೆಯವರು. ಮಾವ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಬಯಲಿನ ನಡುವೆ ಒಂದು ಸಣ್ಣ ಸ್ಟೇಷನ್, ಪಕ್ಕದಲ್ಲಿ ಕ್ವಾರ್ಟರ್ಸ್, ಸುತ್ತ ಏನೂ ಇಲ್ಲ. ಇವರು ಬೆಳೆದದ್ದು ಅಲ್ಲಿ. ಸಿಡ್ನಿಗೆ ಬಂದು ಐಟಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೂ ಕ್ವೇಕರ್ಸ್ ಹಿಲ್ ಸ್ಟೇಷನ್ನಿನಲ್ಲಿ ರೈಲು ಬರುವ ಸದ್ದಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಒಂದು ಕ್ಷಣ ತಲೆ ಎತ್ತುತ್ತಿದ್ದರು. ಮನೆ ನೋಡುವಾಗ ಪಕ್ಕದ ಸ್ಕೋಫೀಲ್ಡ್ಸ್‌ನಲ್ಲಿ ಹೊಸ ಮನೆ ಸಿಗುತ್ತಿತ್ತು, ಜಾಗವೂ ಹೆಚ್ಚಿತ್ತು. ಇವರು ಹಳೆಯ ಈ ಮನೆಯನ್ನೇ ಹಿಡಿದರು. ಕಾರಣ ಕೇಳಿದರೆ "ಇಲ್ಲಿ ರೈಲು ಕೇಳಿಸುತ್ತೆ" ಅಂದರು. ಮಾರ್ಟ್‌ಗೇಜ್ ಬ್ರೋಕರ್‌ಗೂ ಅದನ್ನೇ ಹೇಳಿದರು, ಆತ ನಕ್ಕುಬಿಟ್ಟ.

ಅವರಿಗೆ ಹಾಸ್ಟೆಲ್ ಕಾಲದ ಗೆಳೆಯರೊಬ್ಬರಿದ್ದಾರೆ, ಮೆಲ್ಬರ್ನ್‌ನಲ್ಲಿ. ಕೋವಿಡ್ ಮುಗಿದು ರಾಜ್ಯಗಳ ಗಡಿ ತೆರೆದ ಮೇಲೆ ಇಬ್ಬರೇ ಸೇರಿ ಒಳಗೇ ಅಡುಗೆ, ಹಾಸಿಗೆ ಇರುವ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿ ಕಡೆ ಹೋದರು. ಆಗ ನನಗೆ ರಜೆ ಸಿಗಲಿಲ್ಲ. ಗೆಳೆಯರ ಹೆಂಡತಿಗೂ ಸಿಗಲಿಲ್ಲ. ಹೋದವರು ಒಂದು ಸಣ್ಣ ರೈಲ್ವೆ ಊರಿನಲ್ಲಿ ಸಿಕ್ಕಿಹಾಕಿಕೊಂಡರು. ಮರುಭೂಮಿಯಲ್ಲಿ ಮಳೆ ಬಂದು ಮಣ್ಣಿನ ರಸ್ತೆ ಮುಚ್ಚಿದ್ದರು, ಕೆಸರು ಒಣಗುವವರೆಗೆ ಗಾಡಿ ಬಿಡುವಂತಿರಲಿಲ್ಲ.

ಬಂದ ಮೇಲೆ ಇವರಿಗೆ ಆ ಊರಿನದೇ ಧ್ಯಾನ. ರೈಲು ನಿಂತು ಎಷ್ಟೋ ವರ್ಷವಾಗಿದೆಯಂತೆ, ಪ್ಲಾಟ್‌ಫಾರ್ಮ್ ಮಾತ್ರ ಇದೆಯಂತೆ. ಹಿಂದೆ ನಮ್ಮ ಕಡೆಯಿಂದ, ಆಫ್ಘಾನಿಸ್ತಾನದ ಕಡೆಯಿಂದ ಒಂಟೆಯವರು ಬಂದು ಅಲ್ಲಿ ಸಾಮಾನು ಇಳಿಸಿಕೊಂಡು ಮರುಭೂಮಿಗೆ ಹೊರಡುತ್ತಿದ್ದರಂತೆ. ಒಂದು ಪಬ್ ಇದೆಯಂತೆ. "ನೀನು ನೋಡಬೇಕಿತ್ತು" ಅನ್ನುತ್ತಿದ್ದರು. ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಲ್ಲಿ ಬೇಳೆ ಆರಿಸುತ್ತಾ ನಿಂತಾಗಲೂ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ತಟ್ಟೆ ಹಿಡಿದು ಕೂತಾಗಲೂ ಆ ಊರಿನ ಮಾತು ಬರುತ್ತಿತ್ತು. ಆಗ ಮುಖ ಬೇರೆಯೇ ಆಗುತ್ತಿತ್ತು. ನನ್ನ ವಿಷಯ ಮಾತಾಡುವಾಗ ಮುಖ ಹಾಗೆ ಆಗಿದ್ದನ್ನು ನಾನು ನೋಡಿರಲಿಲ್ಲ. ಹೆಂಗಸರಿಗೆ ಸವತಿ ಅಂದರೆ ಇನ್ನೊಬ್ಬ ಹೆಂಗಸು. ನನಗೆ ಒಂದು ಊರೇ ಸವತಿಯಾಗಿತ್ತು.

"ನಿನ್ನನ್ನು ಒಂದ್ಸಲ ಕರ್ಕೊಂಡು ಹೋಗ್ತೀನಿ" ಅಂದಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಹೃದಯ ನಿಂತಿತು. ಅಲ್ಲಿಗೆ ಆ ಮಾತು ಮುಗಿಯಿತು.

ವರ್ಷದ ಕಾರ್ಯ ಮುಗಿದ ಮೇಲೆ ಮೆಲ್ಬರ್ನ್‌ನ ಗೆಳೆಯರೇ ಫೋನ್ ಮಾಡಿದರು. "ಅತ್ತಿಗೆ, ನಾವಿಬ್ಬರೂ ಅಲ್ಲಿಗೆ ಹೋಗ್ತಾ ಇದೀವಿ. ನೀವೂ ಬನ್ನಿ. ಸಿಡ್ನಿಗೇ ಬಂದು ಕರ್ಕೊಂಡು ಹೋಗ್ತೀವಿ, ವಾಪಸ್ ಬರೋವಾಗ ಮೆಲ್ಬರ್ನ್‌ನಲ್ಲಿ ನಿಮ್ಮ ಮಗಳ ಮನೆಗೆ ಬಿಡ್ತೀನಿ."

ಮಗಳಿಗೆ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಗೋ ಅಮ್ಮಾ. ಅಪ್ಪ ವುಡ್ ಹ್ಯಾವ್ ವಾಂಟೆಡ್ ಇಟ್" ಅಂದಳು. ಅಪ್ಪನಿಗೆ ಏನು ಬೇಕಿತ್ತು ಎಂಬುದು ಎಲ್ಲರಿಗೂ ನನಗಿಂತ ಚೆನ್ನಾಗಿ ಗೊತ್ತಿರುವ ಹಾಗಿತ್ತು. ನಾನು ಒಪ್ಪಿಕೊಂಡದ್ದು ಅವರ ಆಸೆ ತೀರಿಸುವುದಕ್ಕಲ್ಲ. ಆ ಊರಿನಲ್ಲಿ ಅವರ ಒಂದು ಭಾಗ ಉಳಿದುಬಿಟ್ಟಿತ್ತು, ಅದು ನನ್ನದು, ಅದನ್ನು ನನ್ನ ಕಣ್ಣಿನಿಂದ ನೋಡಬೇಕಿತ್ತು. ನೋಡಿ, ಇಷ್ಟೇನಾ ಅನ್ನಬೇಕಿತ್ತು.

ಹೊರಡುವಾಗಲೇ ಇಂಗಿನ ವಿಷಯಕ್ಕೆ ಮಾತು ಬಂತು. ಅಕ್ಕಿ, ಬೇಳೆ, ಸಾರಿನ ಪುಡಿ ಎಲ್ಲ ಗಾಡಿಗೆ ಇಟ್ಟೆ. ಇಂಗಿನ ಡಬ್ಬಿ ನೋಡಿ ಗೆಳೆಯರ ಹೆಂಡತಿ ಮೂಗು ಮುಚ್ಚಿಕೊಂಡಳು. ನನಗಿಂತ ಚಿಕ್ಕವಳು, ಬೆಂಗಳೂರಿನವಳು, ಬಾಯಿ ಜೋರು, ಮನಸ್ಸು ಒಳ್ಳೆಯದು.

"ಅಕ್ಕ, ಬಾಡಿಗೆ ಗಾಡಿ. ಈ ವಾಸನೆ ಸೀಟಿಗೆ ಕೂತುಬಿಟ್ರೆ ಹೋಗಲ್ಲ. ಆಮೇಲೆ ಇದನ್ನ ತಗೊಳ್ಳೋ ಗೋರಾ ಫ್ಯಾಮಿಲಿ ಪಾಪ ಏನ್ ಮಾಡ್ಬೇಕು?"

"ಮೊದಲ ದಿನ ತಲೆನೋಯುತ್ತೆ. ಎರಡನೇ ದಿನ ಸಾರು ಕೇಳ್ತಾರೆ," ಅಂದರು ಅವಳ ಗಂಡ.

ಕೊನೆಗೆ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಇನ್ನೊಂದು ಚೀಲದಲ್ಲಿ ಸುತ್ತಿ, ನನ್ನ ಹ್ಯಾಂಡ್‌ಬ್ಯಾಗಿನ ತಳದಲ್ಲಿ ಇಟ್ಟುಕೊಂಡೆ. ಬಿಟ್ಟು ಬರಲು ಮನಸ್ಸಾಗಲಿಲ್ಲ. ಆ ಮೊದಲ ಸಲ ಇವರು ಹೊರಟಾಗ ನಾನು ಸಾರಿನ ಪುಡಿ ಮಾಡಿ, ಖಾಲಿಯಾದ ಕಾಫಿ ಬಾಟಲಿಗೆ ತುಂಬಿ, ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ಕನ್ನಡದಲ್ಲಿ ಸಾರಿನ ಪುಡಿ ಎಂದು ಬರೆದು ಕೊಟ್ಟಿದ್ದೆ. ನಮ್ಮ ಮನೆಯಲ್ಲಿ ಇಂಗನ್ನು ಪುಡಿಗೆ ಸೇರಿಸುವುದಿಲ್ಲ, ಬೇರೆ ಇಡುತ್ತೇವೆ. ಬಾಟಲಿ ಅವರ ಜೊತೆ ಹೋಯಿತು, ಇಂಗಿನ ಡಬ್ಬಿ ಟೋಸ್ಟರಿನ ಪಕ್ಕದಲ್ಲೇ ಉಳಿದುಬಿಟ್ಟಿತ್ತು. ವಾಪಸ್ ಬಂದಾಗ ಬಾಟಲಿಯೂ ಇರಲಿಲ್ಲ.

"ಬಾಟಲಿ ಎಲ್ಲಿ?" ಅಂದಿದ್ದೆ.

"ಎಲ್ಲೋ ಬಿಟ್ಟುಬಂದೆ."

"ಅಷ್ಟು ಪುಡಿ?"

"ಮುಗೀತು."

"ಅಡುಗೆ ಯಾರು ಮಾಡಿದ್ದು?"

ಗೆಳೆಯನ ಹೆಸರು ಹೇಳಿದ್ದರು. ನಾನೂ ನಂಬಿದ್ದೆ, ಏಕೆಂದರೆ ನಮ್ಮವರು ಒಂದು ಲೋಟ ಕಾಫಿಯನ್ನೂ ಬೆರೆಸಿಕೊಂಡವರಲ್ಲ.

ಮೋಟರ್‌ಹೋಮಿನಲ್ಲಿ ಮುಂದೆ ಎರಡೇ ಸೀಟು. ಅವರಿಬ್ಬರೂ ಅಲ್ಲಿ ಕೂತರು. ನಾನು ಹಿಂದೆ, ಊಟದ ಮೇಜಿನ ಪಕ್ಕ, ಬೆಲ್ಟ್ ಹಾಕಿಕೊಂಡು. ತಟ್ಟೆ ಲೋಟ ಬೀರುವಿನಲ್ಲಿ ಗಲಗಲ ಅನ್ನುತ್ತಿದ್ದವು. ನನಗೆ ಕಾಣುತ್ತಿದ್ದದ್ದು ಅವರ ಎರಡು ತಲೆಗಳ ಹಿಂಭಾಗ. ಅವಳು ಕಿತ್ತಳೆ ಸುಲಿದು, ನಾರು ತೆಗೆದು, ತೊಳೆ ತೊಳೆಯಾಗಿ ಅವರ ಬಾಯಿಗೇ ಇಡುತ್ತಿದ್ದಳು, ಅವರು ರಸ್ತೆಯಿಂದ ಕಣ್ಣು ತೆಗೆಯದೆ ಬಾಯಿ ತೆರೆಯುತ್ತಿದ್ದರು. ಇಂಥದ್ದನ್ನು ಹಿಂದೆ ಎಷ್ಟು ನೋಡಿದ್ದೆನೋ, ಆಗ ಕಣ್ಣಿಗೇ ಬೀಳುತ್ತಿರಲಿಲ್ಲ. ಈಗ ಒಂದು ತೊಳೆಯೂ ತಪ್ಪುತ್ತಿರಲಿಲ್ಲ.

ಸಂಜೆ ಇಂಥ ಗಾಡಿಗಳು ತಂಗುವ ಕ್ಯಾರವಾನ್ ಪಾರ್ಕಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಜಗಳ ಶುರುವಾಗುತ್ತಿತ್ತು.

"ಬನ್ನಿ, ಬನ್ನಿ, ಬನ್ನಿ... ಅಯ್ಯೋ ನಿಲ್ಲಿಸ್ರೀ. ಬನ್ನಿ ಅಂದ್ರೆ ಮರದ ಒಳಗೇ ಬನ್ನಿ ಅಂತಲಾ?"

"ಕನ್ನಡಿಯಲ್ಲಿ ನೀನು ಕಾಣ್ತಾನೇ ಇಲ್ಲ ಕಣೇ."

"ಕಾಣದೇ ಇರೋಷ್ಟು ಸಣ್ಣ ಆಗಿದೀನಾ? ಥ್ಯಾಂಕ್ಸ್. ಇದನ್ನ ಹುಟ್ಟುಹಬ್ಬದ ದಿನ ಹೇಳ್ಬೇಕಿತ್ತು."

ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಕಿತ್ತಳೆಗಿಂತ ಈ ಜಗಳ ಹೆಚ್ಚು ಉರಿಸುತ್ತಿತ್ತು. ಬೈಯುವುದಕ್ಕೆ ಒಬ್ಬ ಮನುಷ್ಯ ಬೇಕು, ಬೈದ ಮೇಲೂ ಎಲ್ಲೂ ಹೋಗದೆ ಅಲ್ಲೇ ಇರುವವನು. ನನ್ನ ಮುಖ ನೋಡಿ ಅವರು ಒಮ್ಮೊಮ್ಮೆ ತಟ್ಟನೆ ಸುಮ್ಮನಾಗುತ್ತಿದ್ದರು. ಅದು ಇನ್ನೂ ಕಷ್ಟ. ನನ್ನ ಮುಂದೆ ಜಗಳವಾಡಬಾರದು ಎಂದು ಇಬ್ಬರೂ ಗುಟ್ಟಾಗಿ ಮಾತಾಡಿಕೊಂಡಿದ್ದಾರೆ ಎಂದು ಗೊತ್ತಾಗುತ್ತಿತ್ತು. ಗುಟ್ಟು ಮಾತಾಡಲೂ ಅವರು ಇಬ್ಬರಿದ್ದರು.

ಬ್ರೋಕನ್ ಹಿಲ್ ದಾಟಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಸೇರುವ ಕಡೆ ಹಣ್ಣು ತರಕಾರಿ ಒಳಗೆ ಒಯ್ಯುವಂತಿಲ್ಲ. ಹಣ್ಣಿನ ನೊಣ ಹರಡುತ್ತದೆ ಎಂದು ರಸ್ತೆ ಬದಿಯಲ್ಲಿ ದೊಡ್ಡ ತೊಟ್ಟಿ ಇಟ್ಟಿದ್ದಾರೆ, ಇರುವುದನ್ನೆಲ್ಲ ಅದಕ್ಕೆ ಹಾಕಿ ಹೋಗಬೇಕು. ಗೆಳೆಯರು ಟೊಮ್ಯಾಟೊ ಚೀಲ ಹಿಡಿದು ನಗಲು ಶುರುಮಾಡಿದರು.

"ಅತ್ತಿಗೆ, ಹೋದ್ಸಲ ಇಲ್ಲೇ ನಿಂತ್ಕೊಂಡು ಅವನು ಟೊಮ್ಯಾಟೊ ಅಷ್ಟೂ ತಿಂದ. ಬಿಸಾಕೋಕೆ ಮನಸ್ಸಾಗಲಿಲ್ಲ ಅವನಿಗೆ. ಉಪ್ಪು ಹಾಕ್ಕೊಂಡು, ತೊಟ್ಟಿ ಪಕ್ಕ ನಿಂತು, ಶರ್ಟ್ ತುಂಬಾ ರಸ. ಸಿನಿಮಾದಲ್ಲಿ ಗುಂಡು ತಾಗಿದವನ ಥರ ಕಾಣ್ತಿದ್ದ."

ಅವಳೂ ನಕ್ಕಳು. ಅವಳಿಗೆ ಈ ಕಥೆ ಮೊದಲೇ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಆ ಶರ್ಟಿನ ಕಲೆ ಉಜ್ಜಿ ಉಜ್ಜಿ ತೊಳೆದವಳು ನಾನು. ಸಾಸ್ ಬಿತ್ತು ಅಂದಿದ್ದರು.

ನಾನು ಚೀಲದಿಂದ ಒಂದು ಟೊಮ್ಯಾಟೊ ತೆಗೆದುಕೊಂಡು ಅಲ್ಲೇ ಕಚ್ಚಿ ತಿಂದೆ. ಬಿಸಿಲಿಗೆ ಬೆಚ್ಚಗಾಗಿತ್ತು. ಗೆಳೆಯರು ಉಪ್ಪು ತರಲಾ ಅಂತ ಕೇಳಿದರು. ಬೇಡ ಅಂದೆ.

ಊರು ತಲುಪಿದಾಗ ಮಧ್ಯಾಹ್ನ. ಮಣ್ಣಿನ ರಸ್ತೆಯಲ್ಲಿ ಬಂದ ಗಾಡಿಗೆ ಒಳಗೂ ಹೊರಗೂ ಕೆಂಪು ಧೂಳು. ಒಂದು ಅಗಲವಾದ ಬೀದಿ, ಯಾರೂ ಇಲ್ಲ. ತಗಡಿನ ಮನೆಗಳು ಅಲ್ಲೊಂದು ಇಲ್ಲೊಂದು. ಖರ್ಜೂರದ ಮರಗಳು. ಎರಡು ಹಳೆಯ ಡೀಸೆಲ್ ಎಂಜಿನ್‌ಗಳು ತುಕ್ಕು ಹಿಡಿದು ನಿಂತಿದ್ದವು, ಅವುಗಳ ಕೆಳಗೆ ಮಾತ್ರ ಒಂದು ತುಂಡು ಹಳಿ ಬಿಟ್ಟಿದ್ದರು. ಪ್ಲಾಟ್‌ಫಾರ್ಮ್ ಅವರು ಹೇಳಿದ ಹಾಗೇ ಇತ್ತು, ಮುಂದೆ ರೈಲಿನ ಜಾಗದಲ್ಲಿ ಬರೀ ನೆಲ. ಗುಲಾಬಿ ಎದೆಯ ಗಿಳಿಗಳು ಗುಂಪಾಗಿ ಕೂತು ಅರಚುತ್ತಿದ್ದವು. ನೊಣಗಳು ಕಣ್ಣಿಗೇ ನುಗ್ಗುತ್ತಿದ್ದವು.

ಇಷ್ಟೇನಾ ಅಂದುಕೊಂಡೆ. ಅಂದುಕೊಂಡು ನೆಮ್ಮದಿಯೂ ಆಯಿತು.

ಪಬ್ ಕಲ್ಲಿನ ಕಟ್ಟಡ. ಒಳಗೆ ತಣ್ಣಗಿತ್ತು, ಹೊರಗಿನ ಬೆಳಕಿಗೆ ಕುರುಡಾಗಿದ್ದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಾರಿನ ಹಿಂದೆ ಕಪ್ಪು ಹಲಗೆ ಕಂಡಿತು. ಚಾಕ್‌ಪೀಸಿನಲ್ಲಿ ಬರೆದಿದ್ದರು: ಮಾಂಸದ ಪೈ, ಮೀನು, ಸ್ಟೇಕ್. ಎಲ್ಲಕ್ಕಿಂತ ಮೇಲೆ ನನ್ನ ಗಂಡನ ಹೆಸರು. ಅವರ ಆಫೀಸಿನವರು ಉದ್ದದ ಹೆಸರನ್ನು ಕತ್ತರಿಸಿ ಕರೆಯುತ್ತಿದ್ದ ಆ ಚಿಕ್ಕ ಹೆಸರು. ಅದರ ಮುಂದೆ ಸೂಪ್ ಎಂದಿತ್ತು.

ನಾನು ಗೆಳೆಯರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಬಾರಿನ ಹಿಂದಿದ್ದ ಹೆಂಗಸಿಗೆ ಅರವತ್ತರ ಮೇಲಿರಬಹುದು. ದಪ್ಪ ತೋಳು, ಬಿಸಿಲಿಗೆ ಕಂದಿದ ಮುಖ, ಎಲ್ಲರನ್ನೂ ಲವ್ ಎಂದೇ ಕರೆಯುವವಳು. ಗೆಳೆಯರನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ನೀನು ಗೊರಕೆ ಹೊಡೆಯುವವನಲ್ಲವೇ" ಎಂದಳು. ಆಮೇಲೆ ನಮ್ಮ ಹಿಂದೆ ಬಾಗಿಲ ಕಡೆ ನೋಡಿದಳು, ಇನ್ನೊಬ್ಬರು ಬರಬೇಕು ಎನ್ನುವ ಹಾಗೆ. ಅವರ ಹೆಸರು ಹೇಳಿ, ಎಲ್ಲಿ ಅವನು ಎಂದಳು. ಎಷ್ಟು ಸಲೀಸಾಗಿ ಹೇಳಿದಳು. ದಿನಕ್ಕೆ ಮೂವತ್ತು ಸಲ ಕೂಗಿ ಅಭ್ಯಾಸವಾದವಳ ಹಾಗೆ.

ನಾನೇ ಹೇಳಬೇಕಾಯಿತು. ಫೋನಿನಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. "ಹಿ ಪಾಸ್ಡ್ ಅವೇ. ಲಾಸ್ಟ್ ಇಯರ್. ಐ ಆಮ್ ದ ವೈಫ್."

ಅವಳು ಬಾರಿನ ಹಿಂದಿನಿಂದ ಈಚೆ ಬಂದಳು. ಆಮೇಲೆ ಮೆಲ್ಲಗೆ, "ಓ ಲವ್. ಹಾಗಾದರೆ ಆ ಸಕ್ಕರೆ ನೀನೇ" ಎಂದಳು.

ಏನು ಹೇಳುತ್ತಿದ್ದಾಳೆ ಎಂದು ನನಗೆ ತಿಳಿಯಲಿಲ್ಲ. ಅವಳು ನಮ್ಮನ್ನು ಮೇಜಿಗೆ ಕೂರಿಸಿ, ತಾನೂ ಕೂತು ಹೇಳಿದಳು. ಆ ಮಳೆಯಲ್ಲಿ ರಸ್ತೆ ಮುಚ್ಚಿ, ಸಾಮಾನಿನ ಲಾರಿ ಬರದೆ, ಪಬ್ಬಿನಲ್ಲಿ ಬ್ರೆಡ್ ಕೂಡ ಮುಗಿಯುತ್ತಾ ಬಂದಿತ್ತು. ಸಿಕ್ಕಿಹಾಕಿಕೊಂಡ ಪ್ರವಾಸಿಗಳು, ಲಾರಿಯವರು ಎಲ್ಲ ಅವಳ ತಲೆಯ ಮೇಲೆ. ಆಗ ನಮ್ಮವರು ಗಾಡಿಯಿಂದ ಬೇಳೆ ಮತ್ತು ನನ್ನ ಬಾಟಲಿ ತಂದು, ಅವಳ ಡಬ್ಬಿಯ ಟೊಮ್ಯಾಟೊ ಒಡೆದು, ದೊಡ್ಡ ಹಂಡೆಯಲ್ಲಿ ಸಾರು ಮಾಡಿದರಂತೆ. ದಿನವೂ ಮಾಡಿದರಂತೆ. ಹೋಗುವಾಗ ಅವಳಿಗೆ ಹೇಳಿಕೊಟ್ಟು, ಬಾಟಲಿಯನ್ನೂ ಬಿಟ್ಟು ಹೋದರಂತೆ. ಈಗ ಅವಳು ಅಡಿಲೇಡಿನ ಇಂಡಿಯನ್ ಅಂಗಡಿಯಿಂದ ರಸಂ ಪುಡಿ ತರಿಸಿ ಆ ಬಾಟಲಿಗೇ ತುಂಬುತ್ತಾಳೆ. ಚಳಿಗಾಲದಲ್ಲಿ ಬರುವವರೆಲ್ಲ ಅದನ್ನೇ ಕೇಳುತ್ತಾರೆ.

ನಾನು ಗೆಳೆಯರ ಕಡೆ ತಿರುಗಿದೆ. "ಅಡುಗೆ ನೀವು ಮಾಡಿದ್ದು ಅಂದಿದ್ದರು."

"ಹೇಳ್ಬೇಡ ಅಂತ ಆಣೆ ಹಾಕಿಸಿದ್ದ ಅತ್ತಿಗೆ," ಅಂದರು. "ಗೊತ್ತಾದ್ರೆ ಮನೆಯಲ್ಲಿ ದಿನಾ ಮಾಡಿಸ್ತಾಳೆ ಅಂತ."

ಅವರ ಹೆಂಡತಿ ಗಂಡನನ್ನು ನೋಡಿದಳು. "ನೀವೇನೇನು ಬಚ್ಚಿಟ್ಟಿದ್ದೀರೋ, ಮನೆಗೆ ಬನ್ನಿ ಹೇಳ್ತೀನಿ," ಅಂದಳು.

ಪಬ್ಬಿನವಳು ಒಳಗೆ ಹೋಗಿ ಬಾಟಲಿ ತಂದು ನನ್ನ ಮುಂದೆ ಇಟ್ಟಳು. ಪ್ಲಾಸ್ಟರ್ ಎಣ್ಣೆ ಹಿಡಿದು ಹಳದಿಯಾಗಿತ್ತು. ನನ್ನ ಅಕ್ಷರ ಮಾಸಿತ್ತು, ಓದಲು ಬರುತ್ತಿತ್ತು. ಇದು ಏನು ಬರೆದಿದೆ ಎಂದು ಎಲ್ಲರೂ ಕೇಳುತ್ತಾರೆ, ಅವನ ಹೆಂಡತಿಯ ಕೈಬರಹ ಎಂದು ಹೇಳುತ್ತೇನೆ, ಎಂದಳು.

ಸಾರು ಬಂತು, ಪಿಂಗಾಣಿ ಬಟ್ಟಲಿನಲ್ಲಿ, ಪಕ್ಕದಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್. ಚಮಚ ಹಿಡಿದು ಬಾಯಿಗೆ ಇಟ್ಟೆ. ತೆಳುವಾಗಿತ್ತು. ಒಗ್ಗರಣೆ ಇಲ್ಲ, ಅಂಗಡಿಯ ಪುಡಿಯಲ್ಲಿ ಇದ್ದರೂ ಮೂಗಿಗೆ ಬರುವಷ್ಟು ಇಂಗು ಇಲ್ಲ. ಇಂಗು ಎಲ್ಲಿಂದ ಬರಬೇಕು, ಅದು ಆಗ ನಮ್ಮ ಮನೆಯ ಟೋಸ್ಟರಿನ ಪಕ್ಕದಲ್ಲಿತ್ತು. ಆದರೆ ಹುಳಿ ಖಾರದ ಹಿಂದೆ ಸಿಹಿ ಇತ್ತು. ಸರಿಯಾದ ಅಳತೆಯ ಸಿಹಿ.

ಇದು ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಮೈಸೂರಿನ ಮನೆಯಲ್ಲಿ ಸಾರಿಗೆ ಬೆಲ್ಲ ಹಾಕುತ್ತಾರೆ. ಅವರ ಮನೆಯಲ್ಲಿ ಹಾಕುವುದಿಲ್ಲ. ಮದುವೆಯಾದ ಹೊಸತರಿಂದ ಕೊನೆಯವರೆಗೂ ಅವರು ಮೊದಲ ತುತ್ತಿಗೆ ಒಂದೇ ಮಾತು ಹೇಳುತ್ತಿದ್ದರು. "ಇದು ಸಾರೋ ಪಾಯಸವೋ?" ಹೇಳಿ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಚೆನ್ನಾಗಿದೆ ಎಂದು ಒಂದು ದಿನವೂ ಹೇಳಿದವರಲ್ಲ. ನಾನು ಬೆಲ್ಲ ಬಿಡಲಿಲ್ಲ, ಅವರು ಆ ಮಾತು ಬಿಡಲಿಲ್ಲ.

ಪಬ್ಬಿನವಳು ಹೇಳಿದಳು: ಅವನು ಕೊನೆಯಲ್ಲಿ ಸಕ್ಕರೆ ಹಾಕಿದ್ದನ್ನು ನೋಡಿ ಸೂಪಿಗೆ ಯಾರಾದರೂ ಸಕ್ಕರೆ ಹಾಕುತ್ತಾರಾ ಅಂತ ಕೇಳಿದೆ. ಇದು ನನ್ನ ಹೆಂಡತಿಯ ಪದ್ಧತಿ, ನಮ್ಮ ಮನೆಯದಲ್ಲ, ಅಂದ. ಇದಿಲ್ಲದೆ ಈಗ ನನಗೆ ಇಳಿಯುವುದಿಲ್ಲ ಅಂದ. ಅವಳು ಮಾಡಿದ್ದು ಇದರ ಹತ್ತರಷ್ಟು ಚೆನ್ನಾಗಿರುತ್ತದೆ ಅಂದ.

ನಾನು ಚಮಚ ಬಟ್ಟಲಿನಲ್ಲಿ ಇಟ್ಟೆ. ಸಂತೋಷವಾಗಬೇಕಿತ್ತು. ಆಗಿದ್ದು ಅದಲ್ಲ. ನಾನು ಇಷ್ಟು ವರ್ಷ ಕಾದ ಮಾತನ್ನು, ಯಾವುದೋ ಕೊನೆಯ ಊರಿನ, ಬೆಲ್ಲವನ್ನೇ ನೋಡದ ಒಬ್ಬ ಹೆಂಗಸಿಗೆ ಹೇಳಿಬಿಟ್ಟಿದ್ದರು. ಅದನ್ನು ಅವರ ಬಾಯಿಂದ ಕೇಳಿದವಳು ಅವಳು. ಯಾವ ದನಿಯಲ್ಲಿ ಹೇಳಿದರು, ಹೇಳುವಾಗ ಕೈ ಎಲ್ಲಿತ್ತು, ನಗುತ್ತಿದ್ದರೋ, ಎಲ್ಲ ಅವಳಿಗೆ ಗೊತ್ತು. ಊರಿನ ಮೇಲಿದ್ದ ಹೊಟ್ಟೆಕಿಚ್ಚು ಅಷ್ಟೂ ಎದ್ದು ಬಂದು ಅವಳ ಮೇಲೆ ಕೂತಿತು.

ಅವಳು ನನ್ನ ಮುಖ ಬೇರೆ ಥರ ಓದಿಕೊಂಡಳು ಅನ್ನಿಸುತ್ತದೆ. ಎದ್ದು ಹೋಗಿ ಒದ್ದೆ ಬಟ್ಟೆ ಕೈಗೆ ತೆಗೆದುಕೊಂಡು ಹಲಗೆಯ ಪಕ್ಕ ನಿಂತಳು. "ಗೊತ್ತಿರಲಿಲ್ಲ ಲವ್. ನಿನಗೆ ನೋಡಲು ಕಷ್ಟವಾದರೆ ಅಳಿಸಿಬಿಡುತ್ತೇನೆ. ಬರೀ ಸೂಪ್ ಅಂತ ಬರೆಯುತ್ತೇನೆ."

ಅಳಿಸು ಅಂತ ಬಾಯಿಗೆ ಬಂತು. ಅಳಿಸಿದರೆ ಅವಳ ಪಾಲಿಗೆ ಅದು ಬರೀ ಸೂಪ್ ಆಗುತ್ತಿತ್ತು. ನಮ್ಮವರನ್ನು ಕರೆದುಕೊಂಡು ನಾನು ಮನೆಗೆ ಹೋಗಬಹುದಿತ್ತು.

ಆಗ ಬಾಗಿಲು ತೆಗೆದು ಒಬ್ಬ ಲಾರಿ ಡ್ರೈವರ್ ಒಳಗೆ ಬಂದ. ಟೋಪಿ ತೆಗೆದು ಬಾರಿನ ಮೇಲೆ ಇಟ್ಟ. ನನ್ನ ಗಂಡನ ಹೆಸರು ಹೇಳಿ, ಒಂದು ಕೊಡು, ಬ್ರೆಡ್ ಜಾಸ್ತಿ ಹಾಕು, ಬೆಳಿಗ್ಗೆಯಿಂದ ಅದನ್ನೇ ನೆನೆಸಿಕೊಂಡು ಓಡಿಸುತ್ತಿದ್ದೇನೆ, ಎಂದ.

ಆ ಹೆಸರನ್ನು ಈ ಒಂದು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ನಾನು ಹೇಳಿದ್ದು ಮುಚ್ಚಿಸುವುದಕ್ಕೆ, ತೆಗೆಸುವುದಕ್ಕೆ, ಬದಲಾಯಿಸುವುದಕ್ಕೆ. ಇವನು ಬೇಕು ಎಂದು ಹೇಳಿದ.

"ಬೇಡ, ಇರಲಿ" ಅಂದೆ. ಕನ್ನಡದಲ್ಲೇ ಅಂದೆ, ಅವಳಿಗೆ ಅರ್ಥವಾಯಿತು. ಬಟ್ಟೆ ಕೆಳಗಿಟ್ಟಳು.

ನಾನು ಏಳುವಾಗ ಅವಳು ಮೆಲ್ಲಗೆ ಕೇಳಿದಳು, ಇದರಲ್ಲಿ ಏನೋ ಕಡಿಮೆ ಇದೆ ಅಂತ ಅವನು ಯಾವಾಗಲೂ ಗೊಣಗುತ್ತಿದ್ದ, ಏನು ಅಂತ ಹೇಳಲೇ ಇಲ್ಲ, ನಿನಗೆ ಗೊತ್ತಾಯಿತಾ, ಎಂದು. ಹ್ಯಾಂಡ್‌ಬ್ಯಾಗ್ ನನ್ನ ಹೆಗಲಲ್ಲೇ ಇತ್ತು, ತಳದಲ್ಲಿ ಇಂಗಿನ ಡಬ್ಬಿ.

"ನತಿಂಗ್," ಅಂದೆ. "ಇಟ್ ಈಸ್ ಪರ್ಫೆಕ್ಟ್."

ಸಂಜೆ ಪ್ಲಾಟ್‌ಫಾರ್ಮಿಗೆ ಹೋಗಿ ಕೂತೆ. ಬಿಸಿಲು ಇಳಿದಿತ್ತು, ನೊಣಗಳೂ ಕಡಿಮೆಯಾಗಿದ್ದವು. ಗೆಳೆಯರು ಎರಡು ಲೋಟ ಟೀ ಹಿಡಿದು ಬಂದು, ಸ್ವಲ್ಪ ದೂರ ಬಿಟ್ಟು ಕೂತರು.

"ಇಲ್ಲೇನಾ ಅವರು ಕೂರ್ತಿದ್ದದ್ದು?"

"ಇನ್ನೂ ಸ್ವಲ್ಪ ಆ ಕಡೆ. ಆ ಕಂಬ ಇದೆಯಲ್ಲ, ಅದಕ್ಕೆ ಒರಗಿಕೊಂಡು."

ನಾನು ಎದ್ದು ಹೋಗಿ ಕಂಬಕ್ಕೆ ಒರಗಿ ಕೂತೆ. "ಏನು ಮಾತಾಡ್ತಿದ್ದರು?"

"ಏನೂ ಇಲ್ಲ ಅತ್ತಿಗೆ. ಸುಮ್ಮನೆ ಕೂತಿರ್ತಿದ್ದ. ನಾನು ಮಾತಾಡಿದ್ರೆ ಬೈತಿದ್ದ, ಸುಮ್ನಿರೋ, ರೈಲು ಬಂದ್ರೆ ಕೇಳಿಸಲ್ಲ ಅಂತ."

"ಹಳಿಯೇ ಇಲ್ಲವಲ್ಲ."

"ನಾನೂ ಅದನ್ನೇ ಹೇಳ್ದೆ. ನಮ್ಮೂರಲ್ಲಿ ಹಳಿ ಇತ್ತು, ಆದ್ರೂ ಹೇಳಿದ ಹೊತ್ತಿಗೆ ಬರ್ತಿರಲಿಲ್ಲ ಅಂದ." ಅವರು ಟೀ ಕುಡಿದರು. ಕಣ್ಣು ಒರೆಸಿಕೊಂಡು ಧೂಳು ಅಂದರು. "ಅವನು ಹೋದ ಮೇಲೆ ನನ್ನನ್ನ ಲೋ ಅಂತ ಕರೆಯೋರು ಯಾರೂ ಇಲ್ಲ, ಅತ್ತಿಗೆ."

ನನ್ನ ಪಾಲಿನ ದುಃಖದಲ್ಲಿ ಅವರಿಗೂ ಪಾಲು ಬೇಕು ಎಂದು ಕೇಳಿದ ಹಾಗಾಯಿತು. ಕೊಡಲು ಮನಸ್ಸಿರಲಿಲ್ಲ. ಆದರೂ ಎದ್ದು ಹೋಗಲಿಲ್ಲ. ಟೀಗೆ ಸಕ್ಕರೆ ಹಾಕಿರಲಿಲ್ಲ. ಅದನ್ನೂ ಹೇಳದೆ ಕುಡಿದೆ.

ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಅವರಿಬ್ಬರೂ ಗಾಡಿಗೆ ನೀರು ತುಂಬಿಸುತ್ತಾ, ಪೈಪು ಯಾರು ಹಿಡಿಯಬೇಕು ಎಂದು ಜಗಳವಾಡುತ್ತಿದ್ದರು. ನಾನಿದ್ದೇನೆ ಎಂದು ಈ ಸಲ ನಿಲ್ಲಿಸಲಿಲ್ಲ. ಈಗ ಬರುತ್ತೇನೆ ಎಂದು ಹೇಳಿ ಬ್ಯಾಗ್ ತೆಗೆದುಕೊಂಡು ಪಬ್ಬಿಗೆ ಹೋದೆ. ಆಗಷ್ಟೇ ಬಾಗಿಲು ತೆಗೆದಿದ್ದರು. ಅವಳು ನೆಲ ಗುಡಿಸುತ್ತಿದ್ದಳು. ಹಲಗೆಯ ಮೇಲೆ ಹೊಸದಾಗಿ ಬರೆದಿದ್ದಳು, ಅಕ್ಷರ ನಿನ್ನೆಗಿಂತ ದೊಡ್ಡದಾಗಿತ್ತು.

"ಏನು ಕೊಡಲಿ ಲವ್?"

ಹಲಗೆ ತೋರಿಸಿ ದಟ್ ಒನ್ ಅನ್ನಬಹುದಿತ್ತು. ಸೂಪ್ ಅಂದರೂ ಸಾಕಿತ್ತು. ನಾನು ಅವರ ಹೆಸರು ಹೇಳಿದೆ. ಕತ್ತರಿಸಿದ ಹೆಸರಲ್ಲ, ಅತ್ತೆ ತೊಟ್ಟಿಲಲ್ಲಿ ಹಾಕಿ ಕರೆದ ಪೂರ್ತಿ ಹೆಸರು. "ಒಂದು" ಅಂದೆ. ನನ್ನ ದನಿ ನನಗೇ ಮದುವೆಯ ಹೊಸತರಲ್ಲಿ ಇದ್ದ ಹಾಗೆ ಕೇಳಿಸಿತು.

ಅವಳು ಅಡುಗೆಮನೆಯ ಕಡೆ ತಿರುಗಿ ಹಲಗೆಯ ಮೇಲಿನ ಚಿಕ್ಕ ಹೆಸರನ್ನೇ ಕೂಗಿದಳು.

ಬಟ್ಟಲು ಬಂತು. ಅವಳು ಪೊರಕೆ ಹಿಡಿದು ವರಾಂಡಕ್ಕೆ ಹೋದಳು. ನಾನು ಬ್ಯಾಗಿನ ತಳದಿಂದ ಚೀಲ ತೆಗೆದು, ಚೀಲದೊಳಗಿನ ಚೀಲ ಬಿಚ್ಚಿ, ಡಬ್ಬಿಯ ಮುಚ್ಚಳ ತೆಗೆದೆ. ಹಬೆಯಾಡುವ ಸಾರಿಗೆ ಒಂದು ಚಿಟಿಕೆ ಇಂಗು ಹಾಕಿ, ಚಮಚದಿಂದ ತಿರುವಿ, ಕೈಯಿಂದ ಮುಚ್ಚಿ ಸ್ವಲ್ಪ ಹೊತ್ತು ಹಿಡಿದೆ. ಹಾಗೆ ಹಾಕಿದ ಇಂಗು ಸ್ವಲ್ಪ ಹಸಿ ಹಸಿಯಾಗಿರುತ್ತದೆ. ಪರವಾಗಿಲ್ಲ. ಕೈ ತೆಗೆದಾಗ ನಮ್ಮ ಮನೆಯ ವಾಸನೆ ಬಂತು.

ವರಾಂಡದಿಂದ ಅವಳು ಮೂಗು ಎಳೆದುಕೊಂಡು, ಇದೇನಿದು ವಾಸನೆ ಎಂದು ಕೇಳಿದಳು. ನಾನು ಡಬ್ಬಿ ಮು‍ಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿ, ಬಟ್ಟಲು ಹತ್ತಿರ ಎಳೆದುಕೊಂಡೆ.